ಒಂದು ಡಬ್ಬಿ ಗಿಣ್ಣಿನ ಋಣ

ಪ್ರಾಚೀನ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್‌ನ ಮೂರು ಪತ್ರಗಳ ಕನ್ನಡ ಅನುವಾದ ಮೊನ್ನೆ ಭಾನುವಾರ ಮುಗಿಯಿತು. ಆರು ತಿಂಗಳ ಕೆಲಸ ಎಂದುಕೊಂಡದ್ದು ಎರಡೂವರೆ ವರ್ಷ ಹಿಡಿಯಿತು. ಅದರಲ್ಲಿ ನಾಲ್ಕು ತಿಂಗಳನ್ನು ನನ್ನ ಮೂತ್ರಪಿಂಡದ ಕಲ್ಲು ನುಂಗಿತು.

ಕ್ರಿ.ಪೂ. 270ರಲ್ಲಿ ಅಥೆನ್ಸಿನಲ್ಲಿ ಎಪಿಕ್ಯೂರಸ್ ತೀರಿಕೊಂಡದ್ದೂ ಕಲ್ಲಿನಿಂದಲೇ. ಮೂತ್ರ ಕಟ್ಟಿಕೊಂಡು ಹದಿನಾಲ್ಕು ದಿನ ನರಳಿದ. ಕೊನೆಯ ದಿನ ಗೆಳೆಯ ಇಡೊಮೆನಿಯಸ್‌ಗೆ ಬರೆದ ಕಾಗದದಲ್ಲಿ ನೋವಿನ ಮಾತನ್ನು ಚುಟುಕಾಗಿ ಮುಗಿಸಿ, ನಾವು ಆಡಿಕೊಂಡ ಮಾತುಗಳ ನೆನಪಿನ ಸಂತೋಷವೇ ಅದಕ್ಕೆ ಎದುರು ನಿಂತಿದೆ ಎಂದ. ತನಗಿಂತ ಮೊದಲೇ ತೀರಿಹೋದ ಶಿಷ್ಯ ಮೆಟ್ರೊಡೋರಸ್‌ನ ಮಕ್ಕಳನ್ನು ನೋಡಿಕೋ ಎಂದು ಕೇಳಿಕೊಂಡ. ಆಸ್ಪತ್ರೆಯ ಮಂಚದ ಮೇಲೆ ನನಗೆ ಆ ಕಾಗದ ನೆನಪಾಗದೆ ಇರಲಿಲ್ಲ. ಆದರೆ ನಾನು ಮಾಡಿದ್ದು ರಾತ್ರಿ ಪಾಳಿಯ ದಾದಿಯ ಮೇಲೆ ರೇಗಿದ್ದು. ಮೊದಲ ವಂದನೆ ಆಕೆಗೇ ಸಲ್ಲಬೇಕು, ಕ್ಷಮೆಯ ಸಮೇತ.

ಎರಡನೆಯದು ನನ್ನ ಹೆಂಡತಿಗೆ. ಸುಖಲೋಲುಪ ಎಂದು ಲೋಕವೆಲ್ಲ ಆಡಿಕೊಂಡ ಈ ಮನುಷ್ಯ, ಹಸಿದವನಿಗೆ ಬಾರ್ಲಿ ರೊಟ್ಟಿ ಮತ್ತು ನೀರೇ ಪರಮಸುಖ ಎಂದು ಮೂರನೆಯ ಪತ್ರದಲ್ಲಿ ಬರೆಯುತ್ತಾನೆ. ಆ ಸಾಲನ್ನು ತಿದ್ದುವಾಗ ಮೇಜಿನ ಮೇಲೆ ಅವಳಿಟ್ಟ ಬಾರ್ಲಿ ನೀರಿನ ಚೊಂಬಿತ್ತು. ಪರಮಸುಖವೇನೂ ಆಗಲಿಲ್ಲ. ಬಾಳೆದಿಂಡಿನ ಪಲ್ಯವಂತೂ ಇನ್ನು ಈ ಜನ್ಮಕ್ಕೆ ಸಾಕು.

ಸುಮಾರು 300 ಸುರುಳಿ ಬರೆದವನಿಂದ ಇಡಿಯಾಗಿ ಉಳಿದು ಬಂದದ್ದು ಮುಖ್ಯವಾಗಿ ಈ ಮೂರು ಪತ್ರಗಳು ಮತ್ತು 40 ಸೂತ್ರಗಳು. ಐದು ಶತಮಾನಗಳ ಮೇಲೆ ಡಯೋಜಿನಿಸ್ ಲೇರ್ಷಿಯಸ್ ಎಂಬಾತ ತತ್ವಜ್ಞಾನಿಗಳ ಜೀವನಚರಿತ್ರೆಯ ತನ್ನ ಪುಸ್ತಕದ ಕೊನೆಯ ಭಾಗದಲ್ಲಿ ಅವನ್ನು ಪೂರ್ತಿ ಎತ್ತಿ ಬರೆದಿಟ್ಟ. ಅವನಿಗೂ ಒಂದು ನಮಸ್ಕಾರ.

ಹಾಸನದ ಕಡೆಯ ಗೆಳೆಯರೊಬ್ಬರು ಪ್ರತಿ ಕರಡನ್ನೂ ಓದಿ, ಹಾಳೆಯ ಅಂಚಿನ ತುಂಬ ಕೆಂಪು ಶಾಯಿಯಲ್ಲಿ ಜಗಳವಾಡಿದರು. ದೊಡ್ಡ ಜಗಳ ನಡೆದದ್ದು ಪತ್ರಗಳಲ್ಲಿ ಬರುವ ಪರಮಾಣುಗಳ ಬಗ್ಗೆಯಲ್ಲ. ಎಪಿಕ್ಯೂರಸ್ ಒಮ್ಮೆ ಗೆಳೆಯನಿಗೆ, ಒಂದು ಕುಡಿಕೆ ಚೀಸ್ ಕಳಿಸು, ಬೇಕೆನಿಸಿದಾಗ ಹಬ್ಬ ಮಾಡುತ್ತೇನೆ ಎಂದು ಬರೆದಿದ್ದ. ಮುನ್ನುಡಿಯಲ್ಲಿ ನಾನು ಅದನ್ನು 'ಗಿಣ್ಣು' ಎಂದು ಮಾಡಿದ್ದೆ. ಕೇಳಲು ಸೊಗಸಾಗಿತ್ತು. ಈದ ಹಸುವಿನ ಮೊದಲ ಹಾಲಿಗೂ ಗ್ರೀಕರ ಚೀಸಿಗೂ ಏನು ಸಂಬಂಧ ಸ್ವಾಮಿ ಎಂದು ಅವರು ಮೂರು ಕಾಗದ ಬರೆದರು. ನಾನು ಸೋತೆ, ಮುನ್ನುಡಿಯಲ್ಲಿ ಈಗ ಚೀಸ್ ಎಂದೇ ಇದೆ.

ಹೋದ ವಾರ ಅವರ ಮನೆಯ ಹಸು ಈಯಿತು. ಬಸ್ಸಿನಲ್ಲಿ ಒಂದು ಸ್ಟೀಲ್ ಡಬ್ಬಿ ಬಂತು. ಮುಚ್ಚಳದ ಮೇಲೆ ಅಂಟಿಸಿದ ಚೀಟಿಯಲ್ಲಿ ಅದೇ ಕೆಂಪು ಶಾಯಿ: "ಗಿಣ್ಣು ಎಂದರೆ ಇದು."