ಫ್ಲೋರಿಡಾದ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ: ಸ್ಥಳೀಯ ತೆರಿಗೆ ಇನ್ನು ಮನೆ ನಂಬರು ನೋಡಿ

ಗ್ರಾಹಕರಿಗೆ ನಮಸ್ಕಾರ.

ಮುಂದಿನ ಬಿಲ್ಲಿನಿಂದ ನಿಮ್ಮ ಮೊಬೈಲ್ ಸೇವೆಯ ಮೇಲಿನ ಸ್ಥಳೀಯ ತೆರಿಗೆಯನ್ನು ಐದಂಕಿಯ ಜಿಪ್ ಕೋಡ್ ನೋಡಿ ಹಾಕುವುದಿಲ್ಲ. ರಾಜ್ಯದ ಕಂದಾಯ ಇಲಾಖೆಯ ವಿಳಾಸ ಡೇಟಾಬೇಸಿನಲ್ಲಿ ನಿಮ್ಮ ಮನೆ ನಂಬರು, ಬೀದಿ ಹುಡುಕಿ, ಅದು ಯಾವ ನಗರಕ್ಕೆ ಅಥವಾ ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಸೇರಿದೆಯೋ ಅಲ್ಲಿನ ದರ ಹಾಕುತ್ತೇವೆ.

ಜಿಪ್ ಕೋಡ್ ಇರುವುದು ಅಂಚೆ ಹಂಚಲಿಕ್ಕೆ, ನಗರದ ಗಡಿ ಅದಕ್ಕೆ ಗೊತ್ತಿಲ್ಲ. ಕ್ಯಾರಲ್‌ವುಡ್‌ನವರ ವಿಳಾಸದಲ್ಲಿ ಟ್ಯಾಂಪಾ ಎಂದಿರುತ್ತದೆ, ಆದರೆ ಆ ಪ್ರದೇಶ ಟ್ಯಾಂಪಾ ನಗರದ ಹೊರಗೆ, ಹಿಲ್ಸ್‌ಬರೊ ಕೌಂಟಿಯ ಆಡಳಿತದಲ್ಲಿದೆ. ಗಡಿ ರಸ್ತೆಯ ಮಧ್ಯದಲ್ಲೇ ಹಾದುಹೋದರೆ ಎದುರುಬದುರು ಮನೆಗಳಿಗೂ ಬೇರೆ ಬೇರೆ ದರ.

ರಾಜ್ಯದ ಪಾಲು 7.44% ಎಲ್ಲರಿಗೂ ಒಂದೇ. ತುರ್ತು ಕರೆಯ 911 ಸೇವೆಯ ಶುಲ್ಕವೂ ಅಷ್ಟೇ, ನಂಬರೊಂದಕ್ಕೆ ತಿಂಗಳಿಗೆ 40 ಸೆಂಟ್. ಸ್ಥಳೀಯ ಪಾಲಿನಲ್ಲಿ ಮಾತ್ರ ಕೆಲವರಿಗೆ ಏರಿಕೆ, ಕೆಲವರಿಗೆ ಇಳಿಕೆ: 60 ಡಾಲರಿನ ಪ್ಲಾನಿನಲ್ಲಿ ದರ 1% ಆಚೀಚೆಯಾದರೆ 60 ಸೆಂಟ್. ಈ ಬದಲಾವಣೆಯಿಂದ ನಮಗೂ ಲಾಭವಿದೆ, ಮುಚ್ಚಿಡುವುದೇಕೆ? ಇಲಾಖೆಯ ಡೇಟಾಬೇಸ್ ಬಳಸಿದ ಕಂಪನಿಗೆ ತೆರಿಗೆ ಸಂಗ್ರಹದ ಭತ್ಯೆ, ಅಂದರೆ ಸಂಗ್ರಹಿಸಿದ ತೆರಿಗೆಯಲ್ಲಿ ತಾನೇ ಇಟ್ಟುಕೊಳ್ಳಬಹುದಾದ ಪಾಲು, 0.25%ರ ಬದಲು 0.75% ಸಿಗುತ್ತದೆ. ಡೇಟಾಬೇಸೇ ತಪ್ಪಿದ್ದರೆ ಹೊಣೆ ನಮ್ಮ ತಲೆಗೆ ಬರುವುದಿಲ್ಲ.

ನಮಗೆ ಬೇಕಾದದ್ದು ಬಿಲ್ ತಲುಪುವ ವಿಳಾಸವಲ್ಲ, ಫೋನನ್ನು ಹೆಚ್ಚಾಗಿ ಬಳಸುವ ಮನೆಯ ಅಥವಾ ಕಚೇರಿಯ ಬೀದಿ ವಿಳಾಸ. 2002ರ ಆಗಸ್ಟಿನಿಂದ ಜಾರಿಯಲ್ಲಿರುವ ಫೆಡರಲ್ ಕಾನೂನಿನ ಲೆಕ್ಕವೇ ಅದು. ಪಕ್ಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾಕ್ಕೆ ಹೋಗಿ ಕರೆ ಮಾಡಿದರೂ ತೆರಿಗೆ ನಿಮ್ಮ ಮನೆಯ ಊರಿನದೇ. ಫ್ಯಾಮಿಲಿ ಪ್ಲಾನಿನಲ್ಲಿರುವ ಮಗಳು ಗೇನ್ಸ್‌ವಿಲ್‌ನಲ್ಲಿ ಓದುತ್ತಿದ್ದರೆ ಅವಳ ನಂಬರಿಗೆ ಅಲ್ಲಿಯ ವಿಳಾಸವನ್ನೇ ಕೊಡಿ. ಊರಿಂದ ಬಂದ ಅಪ್ಪ-ಅಮ್ಮನಿಗೆ ತೆಗೆದುಕೊಟ್ಟ ಪ್ರೀಪೇಯ್ಡ್ ಸಿಮ್ಮಿಗೆ ಇದಾವುದೂ ಅನ್ವಯಿಸುವುದಿಲ್ಲ.

ಅಂಚೆ ಪೆಟ್ಟಿಗೆಯ ನಂಬರು ನಡೆಯುವುದಿಲ್ಲ. ಬೀದಿಯ ಹೆಸರಿನ ಹಿಂದುಮುಂದಿನ ನಾರ್ತ್, ಸೌತ್ ಬಿಡಬೇಡಿ. ಅದೊಂದು ಬಿಟ್ಟುಹೋದರೆ ಹುಡುಕಾಟ ಊರಿನ ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತದೆ. ಅಪಾರ್ಟ್‌ಮೆಂಟ್ ನಂಬರನ್ನು ಬೀದಿಯ ಸಾಲಿನಲ್ಲಿ ಸೇರಿಸದೆ ಬೇರೆ ಸಾಲಿನಲ್ಲಿ ಬರೆಯಿರಿ. ಹೊಸ ಬಡಾವಣೆಯವರ ಬೀದಿ ಡೇಟಾಬೇಸಿನಲ್ಲಿ ಇನ್ನೂ ಸೇರಿರಲಿಕ್ಕಿಲ್ಲ. ನಗರದ ಗಡಿ ಬದಲಾದರೆ ಅದು ದಾಖಲಾಗುವುದು ಜನವರಿ 1 ಇಲ್ಲವೇ ಜುಲೈ 1ರಿಂದ. ಇಲಾಖೆಯ ಜಾಲತಾಣದಲ್ಲಿ ನಿಮ್ಮ ವಿಳಾಸ ಹಾಕಿ ನೀವೇ ನೋಡಬಹುದು, ನೋಡುವುದೂ ಒಳ್ಳೆಯದು. ಮನೆ ಬದಲಿಸಿದರೆ ತಡಮಾಡದೆ ತಿಳಿಸಿ, ಹೊಸ ವಿಳಾಸದ ದರ ಮುಂದಿನ ಬಿಲ್ಲುಗಳಿಗೆ ಮಾತ್ರ ಅನ್ವಯ.

ತೆರಿಗೆ ತಪ್ಪಾಗಿದೆ ಅನಿಸಿದರೆ ಫೋನಿನಲ್ಲಿ ಹೇಳಿದರೆ ಸಾಲದು. ಖಾತೆಯ ಹೆಸರು, ಖಾತೆ ಸಂಖ್ಯೆ, ಬೀದಿ ವಿಳಾಸ, ಏನು ತಪ್ಪು, ಯಾವ ತಿಂಗಳಿಂದ ಎಂದು ಬಿಲ್ಲಿನಲ್ಲಿರುವ ವಿಳಾಸಕ್ಕೆ ಬರೆದು ಕಳಿಸಿ. ಪತ್ರ ತಲುಪಿದ 60 ದಿನದೊಳಗೆ ಪರಿಶೀಲಿಸುತ್ತೇವೆ. ತಪ್ಪಿದ್ದರೆ 2 ವರ್ಷದವರೆಗಿನ ಹೆಚ್ಚುವರಿ ಮೊತ್ತ ವಾಪಸು ಕೊಡುತ್ತೇವೆ ಅಥವಾ ಖಾತೆಗೆ ಜಮಾ ಮಾಡುತ್ತೇವೆ, ಇಲ್ಲದಿದ್ದರೆ ಏಕಿಲ್ಲ ಎಂದು ಬರೆದು ತಿಳಿಸುತ್ತೇವೆ.

ಇಂತಿ,
ಬಿಲ್ಲಿಂಗ್ ವಿಭಾಗ