ಚಪ್ಪಲಿಗೆ ಮೆತ್ತಿದ ಸುಣ್ಣ

ದಾವಣಗೆರೆ

ಪ್ರೀತಿಯ ತಂಗಿಗೆ,

ಚಿತ್ರದುರ್ಗದಿಂದ ನೀನು ಕಳಿಸಿದ ಲಕೋಟೆ ತಲುಪಿತು. ಗ್ರೀಸಿನ ಸ್ಯಾಂಟೊರಿನಿ ದ್ವೀಪಕ್ಕೆ ಹೋಗಿಬಂದದ್ದರ ಲೇಖನ, ಕೈಯಲ್ಲೇ ಮಾಡಿದ ಕಾರ್ಡು, ಜೊತೆಗೊಂದು ಚೀಟಿ, ಮೂರನ್ನೂ ನೋಡಿದೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮೂರರಲ್ಲಿ ಸಪ್ಪೆಯಾಗಿರುವುದು ಲೇಖನವೇ. ಕಾರ್ಡು ಚೆನ್ನಾಗಿದೆ. ಚೀಟಿ ಇನ್ನೂ ಚೆನ್ನಾಗಿದೆ.

ಮೊದಲು ಕಾರ್ಡು. ಸ್ಯಾಂಟೊರಿನಿಯ ಇಯಾ ಊರಿನ ಮನೆಗಳನ್ನು ಮಾಡಿದ್ದೀಯ. ಗೋಡೆಗೆ ಬಿಳಿ ಬಣ್ಣ ಬಳಿದಿಲ್ಲ. ಕಾಗದವನ್ನು ಹಾಗೇ ಬಿಟ್ಟು, ನೆರಳು ಬೀಳುವ ಕಡೆ ಮಾತ್ರ ಪೆನ್ಸಿಲ್ ಪುಡಿಯನ್ನು ಬೆರಳಲ್ಲಿ ತಿಕ್ಕಿದ್ದೀಯ. ಒಂದೇ ಪಟ್ಟಿಯನ್ನು ಹಿಂದೆ ಮುಂದೆ ಮಡಿಚಿ ಮೆಟ್ಟಿಲು ಮಾಡಿದ್ದೀಯ. ಮಡಿಕೆ ಎಲ್ಲೂ ಬಿರಿದಿಲ್ಲ. ದಪ್ಪ ಶೀಟನ್ನು ಅದರ ಎಳೆ ಹೋಗುವ ದಿಕ್ಕಿಗೇ ಮಡಿಚಬೇಕು, ಅದಕ್ಕೂ ಮೊದಲು ಸ್ಕೇಲಿಟ್ಟು ರೀಫಿಲ್ ಮುಗಿದ ಪೆನ್ನಿನಿಂದ ಗೆರೆ ಒತ್ತಬೇಕು ಅನ್ನುವುದು ನಿನ್ನ ಕೈಗೆ ಗೊತ್ತು. ಗುಮ್ಮಟ ಒಂದೇ ಒಂದು, ಅದೂ ಮೂಲೆಯಲ್ಲಿ. ಕ್ವಿಲ್ಲಿಂಗಿನ ಸಣ್ಣ ಕಾಗದದ ಪಟ್ಟಿ ಸುತ್ತಿ ಮಾಡಿದ ಆ ಪುಟ್ಟ ನೀಲಿ ಬಿಲ್ಲೆಗೇ ಕಣ್ಣು ಹೋಗುತ್ತದೆ, ಯಾಕಂದರೆ ಸುತ್ತ ಬೇರೇನೂ ಇಲ್ಲ.

ಈಗ ಲೇಖನ ತೆಗೆದು ನೋಡು. ಮೊದಲ ಪುಟದಲ್ಲೇ ಗುಮ್ಮಟ, ಸೂರ್ಯಾಸ್ತ, ಬೋಗನ್‌ವಿಲ್ಲಾ ಹೂವು, ಬೆಕ್ಕು, ಬಂಡೆ ತುದಿಯ ಹೋಟೆಲ್ಲು ಎಲ್ಲವೂ ಒಟ್ಟಿಗೆ ಬಂದು ಕೂತಿವೆ. ಕಾರ್ಡಿಗೆ ಇಷ್ಟನ್ನೂ ಅಂಟಿಸಿದ್ದರೆ ಅದನ್ನು ಮಡಿಚೋಕೆ ಆಗುತ್ತಿತ್ತಾ? ಗೋಡೆಯ ಬಿಳುಪಿಗಂತೂ ಹಾಲು, ಮಲ್ಲಿಗೆ, ಮುತ್ತು ಎಲ್ಲ ಸುರಿದಿದ್ದೀಯ. ಆ ಗುಮ್ಮಟವನ್ನು ಓದುಗರು ಕ್ಯಾಲೆಂಡರಿನಲ್ಲಿ, ಮೊಬೈಲಿನಲ್ಲಿ ಆಗಲೇ ನೋಡಿ ಮುಗಿಸಿದ್ದಾರೆ. ನೀನೂ ಅದನ್ನೇ ತೋರಿಸಿದರೆ ಅವರು ತಲೆಯಾಡಿಸಿ ಪುಟ ತಿರುಗಿಸುತ್ತಾರೆ, ಅಷ್ಟೇ.

ಎರಡನೇ ಪುಟದ ಇತಿಹಾಸವೂ ಹಾಗೇ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ದ್ವೀಪದ ನಡುಭಾಗ ಕುಸಿಯಿತು, ಅಕ್ರೊತಿರಿ ಎಂಬ ಊರು ಬೂದಿಯಲ್ಲಿ ಹೂತುಹೋಯಿತು, 1967ರಲ್ಲಿ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ ಅಲ್ಲಿ ಅಗೆತ ಶುರು ಮಾಡಿದರು. ಎಲ್ಲ ಸರಿ. ಆದರೆ ಇದು ಪರೀಕ್ಷೆಯ ಉತ್ತರದ ಥರ ಇದೆ. ನೀನು ಅಲ್ಲಿ ನಿಂತದ್ದು ಎಲ್ಲಿ? ದೊಡ್ಡ ದೊಡ್ಡ ಗುಡಾಣಗಳು ಸಾಲಾಗಿ ನಿಂತಿವೆಯಲ್ಲ, ಅವುಗಳ ಮುಂದೆ ನಿಂತಿರುತ್ತೀಯ. ಆ ಊರಿನ ಬೂದಿಯೊಳಗೆ ಮನುಷ್ಯರ ಅಸ್ಥಿಪಂಜರ ಸಿಕ್ಕಿಲ್ಲ. ಜನ ಮೊದಲೇ ಊರು ಬಿಟ್ಟಿರಬೇಕು ಅಂತ ತಿಳಿದವರು ಹೇಳುತ್ತಾರೆ. ಕಾಳುಕಡಿ ತುಂಬಿದ ಗುಡಾಣ ಬಿಟ್ಟು ಹೊರಟ ಮನೆಯವರನ್ನು ನೆನೆದು ಬರೆ. ಇಸವಿ ತಾನಾಗಿ ಅದರ ಪಕ್ಕ ಬಂದು ನಿಲ್ಲುತ್ತದೆ.

ಇನ್ನು ಚೀಟಿ. ಸುಮ್ನೆ ನನಗೆ ಅಂತ ಗೀಚಿ ಹಾಕಿದ್ದೀಯ: ನೀವು ಇಳಿದುಕೊಂಡಿದ್ದ ಮನೆಯಾಕೆ ಬೆಳಿಗ್ಗೆ ಎದ್ದು ಅಂಗಳದ ಚಪ್ಪಡಿ ಸಂದುಗಳಿಗೆ ಕುಂಚದಲ್ಲಿ ಸುಣ್ಣ ಎಳೆಯುತ್ತಿದ್ದಳು, ನೀನು ನೋಡದೆ ಕಾಲಿಟ್ಟೆ, ಚಪ್ಪಲಿಗೆ ಮೆತ್ತಿತು, ಇಬ್ಬರೂ ನಕ್ಕಿರಿ. ತಂಗೀ, ಲೇಖನ ಇದೇ! ಇದನ್ನು ಬಿಟ್ಟು ಸೂರ್ಯಾಸ್ತ ಬರೆಯುತ್ತಾ ಕೂತಿದ್ದೀಯಲ್ಲ.

ಸುಣ್ಣ ನಿನಗೆ ಹೊಸದಲ್ಲ. ಹಬ್ಬಕ್ಕೆ ಮುಂಚೆ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುವುದು, ಮಕ್ಕಳನ್ನು ದೂರ ಅಟ್ಟುವುದು, ಆಮೇಲೆ ಬಟ್ಟೆಗೆ ಹಾಕುವ ನೀಲಿಯನ್ನು ಚೂರು ಬೆರೆಸುವುದು, ಇವೆಲ್ಲ ನಮ್ಮ ಕಡೆ ನಡೆದದ್ದೇ. ಗ್ರೀಸಿನ ದ್ವೀಪಗಳಲ್ಲೂ ಸುಣ್ಣಕ್ಕೆ ಬಟ್ಟೆ ನೀಲಿ ಬೆರೆಸುವ ರೂಢಿ ಇತ್ತು. ನಿನ್ನ ಗುಮ್ಮಟದ ನೀಲಿಗೆ ಇಂಥ ಅಗ್ಗದ ನಂಟು ಇದೆ, ಇದು ನನಗಂತೂ ತುಂಬ ಇಷ್ಟ. ಇನ್ನೊಂದು ಕೇಳು. ಅಲ್ಲಿಯ ಜ್ವಾಲಾಮುಖಿ ಬೂದಿಯನ್ನು ಸುಣ್ಣದ ಜೊತೆ ಕಲಸಿದರೆ ನೀರೊಳಗೂ ಗಟ್ಟಿಯಾಗುತ್ತದೆ. 1859ರಲ್ಲಿ ಶುರುವಾದ ಸೂಯೆಜ್ ಕಾಲುವೆಯ ಕಟ್ಟಡದ ಕೆಲಸಕ್ಕೆ ಆ ಬೂದಿಯನ್ನು ಈ ದ್ವೀಪದಿಂದ ಅಗೆದು ಸಾಗಿಸಿದ್ದರು. ಊರನ್ನು ಹೂತುಹಾಕಿದ ಬೂದಿಯೇ ಗಾರೆಯಾಯಿತು. ಚಪ್ಪಲಿಯಿಂದ ಹೊರಟರೆ ಇಲ್ಲಿಯವರೆಗೆ ಬರಬಹುದು. ಗುಮ್ಮಟದಿಂದ ಹೊರಟರೆ ಸೆಲ್ಫಿವರೆಗೆ ಮಾತ್ರ.

ನೀರಿನ ವಿಷಯ ನೀನು ಬರೆದೇ ಇಲ್ಲ, ಅದು ನನಗೆ ಆಶ್ಚರ್ಯ. ಅಲ್ಲಿ ಸಿಹಿನೀರು ಬಲು ಕಡಿಮೆ. ಹಳೆಯ ಮನೆಗಳಲ್ಲಿ ಚಾವಣಿಯ ಮಳೆನೀರು ಕೆಳಗಿನ ತೊಟ್ಟಿಗೆ ಇಳಿಯುವಂತೆ ಮಾಡಿರುತ್ತಾರೆ. ನೀನು ಕೋಟೆಯ ಊರಿನವಳು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ನೋಡುತ್ತಾ ಬೆಳೆದವಳು. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಿಡುವುದು ಎಂದರೇನು ಅಂತ ಬೆಂಗಳೂರಿನಿಂದ ಹೋದವರಿಗಿಂತ ನಿನಗೆ ಜಾಸ್ತಿ ಗೊತ್ತು. ಹೋಲಿಸುವುದಾದರೆ ಇಂಥ ಕಡೆ ಹೋಲಿಸು. ‘ನಮ್ಮ ಏಳು ಸುತ್ತಿನ ಕೋಟೆ ಮುಂದೆ ಇದೇನು ಮಹಾ’ ಅನ್ನುವ ಸಾಲು ಮಾತ್ರ ಬೇಡ, ಹೊಡೆದು ಹಾಕಿದ್ದೇನೆ. ಊರಿನ ಅಭಿಮಾನಕ್ಕೆ ಬೇರೆ ಜಾಗ ಇದೆ.

ಗಾಳಿಯ ಸಾಲು ಒಂದೇ ಇದೆ, ಇನ್ನೆರಡು ಬೇಕು. ಬೇಸಿಗೆಯಲ್ಲಿ ಆ ಸಮುದ್ರದ ಮೇಲೆ ಬಡಗಣ ಗಾಳಿ ಜೋರು. ದ್ರಾಕ್ಷಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸದೆ ನೆಲದ ಮೇಲೆ ಬುಟ್ಟಿಯಂತೆ ಸುತ್ತಿಡುತ್ತಾರೆ, ಗೊಂಚಲು ಅದರೊಳಗೆ ಬೆಳೆಯುತ್ತದೆ. ಕಾಗದದ ಪಟ್ಟಿ ಸುತ್ತುವ ನಿನ್ನ ಬೆರಳಿಗೆ ಅದನ್ನು ನೋಡಿ ಏನೂ ಅನ್ನಿಸಲಿಲ್ಲವಾ?

ಒಂದು ಪ್ಯಾರಾ ಕಾರ್ಡು, ಒಂದು ಪ್ಯಾರಾ ದ್ವೀಪ ಅಂತ ಹೆಣೆದಿದ್ದೀಯಲ್ಲ, ಅದು ಬೇಡ. ಓದುವಾಗ ಹತ್ತಿ ಇಳಿದು ಸಾಕಾಗುತ್ತದೆ. ಕಾರ್ಡು ಮಾಡುವವಳು ದ್ವೀಪ ನೋಡಲಿ, ಸಾಕು. ಇಯಾದ ಗೋಡೆಯಲ್ಲಿ ಅವಳಿಗೆ ಕಾಣುವುದು ಮೂಲೆ ಎಷ್ಟು ಮೊಂಡಾಗಿದೆ, ವರ್ಷ ವರ್ಷ ಬಳಿದ ಸುಣ್ಣ ಎಷ್ಟು ಪದರ ಕೂತಿದೆ, ನೆರಳು ಯಾವ ಬಣ್ಣ ಅನ್ನುವುದು. ಗಮ್ಮು, ಕತ್ತರಿ, ಶೀಟಿನ ಲೆಕ್ಕ ಬೇಕಾದಲ್ಲಿ ಬರಲಿ.

ಮನೆಯಾಕೆಯ ವಿವರ ಮರೆಯುವ ಮುಂಚೆ ಬರೆದಿಟ್ಟುಕೊ. ಸುಣ್ಣ ಎಂಥ ಡಬ್ಬಿಯಲ್ಲಿತ್ತು, ಕುಂಚ ಎಷ್ಟಗಲ, ನೀವಿಬ್ಬರೂ ಮಾತಾಡಿದ್ದು ಯಾವ ಭಾಷೆಯಲ್ಲಿ, ಅವಳು ನಿನಗೆ ಚಪ್ಪಲಿ ಒರೆಸಲು ಏನು ಕೊಟ್ಟಳು. ಉದ್ದ ಎಷ್ಟಾದರೂ ಆಗಲಿ, ಕತ್ತರಿ ಆಮೇಲೆ ಹಾಕೋಣ. ದೀಪಾವಳಿ ವಿಶೇಷಾಂಕಕ್ಕೆ ಕಳಿಸುವ ಆಸೆ ಇದ್ದರೆ ಆಗಸ್ಟ್ ಕೊನೆಯೊಳಗೆ ನನ್ನ ಕೈಗೆ ಬರಲಿ, ಅವರು ಪುಟ ಬೇಗ ಮುಗಿಸಿಬಿಡುತ್ತಾರೆ.

ಇಂತಿ,
ನಿನ್ನ ಅಕ್ಕ