ಪ್ರೀಆಂಪ್ ಬೋರ್ಡುಗಳ ಒಟ್ಟು ಖರೀದಿ: ಒಂದು ಉಪಕಾರ ಸ್ಮರಣೆ

ಎಲ್‌ಪಿ ಪ್ಲೇಯರಿನ ಸೂಜಿ ಕೊಡುವ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೋ ಪ್ರೀಆಂಪಿನ ಸರ್ಕ್ಯೂಟ್ ಬೋರ್ಡುಗಳನ್ನು ಎಲ್ಲರೂ ಸೇರಿ ಮಾಡಿಸಿಕೊಳ್ಳೋಣವೆಂದು ಕಳೆದ ವರ್ಷ ಕೈಗೆತ್ತಿಕೊಂಡ ಕೆಲಸ ಈ ವಾರ ಮುಗಿಯಿತು. ಎರಡನೆಯ ಸಲ ತಯಾರಾಗಿ ಬಂದ ಬೋರ್ಡುಗಳ ಕೊನೆಯ ಕಂತನ್ನು ಸ್ಪೀಡ್ ಪೋಸ್ಟಿಗೆ ಹಾಕಿದ್ದಾಯಿತು, ಜಮಾಖರ್ಚಿನ ಪಟ್ಟಿಯನ್ನು ಹಣ ಕೊಟ್ಟ ಪ್ರತಿಯೊಬ್ಬರಿಗೂ ಕಳುಹಿಸಿದ್ದಾಯಿತು, ಮಿಕ್ಕ ಹಣವೂ ಅವರವರ ಖಾತೆಗೆ ಮರಳಿದೆ. ಸರ್ಕ್ಯೂಟು ಯಾಕೆ ಹಾಗಿದೆ, ಯಾವ ಕೆಪಾಸಿಟರ್ ಹಾಕಬೇಕು, ಪೆಟ್ಟಿಗೆಯನ್ನು ಎಲ್ಲಿ ಮಾಡಿಸಬೇಕು ಎಂಬುದನ್ನೆಲ್ಲ ನೀವು ನನ್ನೊಡನೆ ತಿಂಗಳುಗಟ್ಟಲೆ ಚರ್ಚಿಸಿರುವುದರಿಂದ ಆ ಮಾತನ್ನು ಮತ್ತೆ ಎತ್ತುವುದಿಲ್ಲ. ಉಪಕಾರ ಸ್ಮರಣೆಗೆಂದೇ ಬರೆಯುತ್ತಿರುವ ಇದರಲ್ಲಿ ಹೆಚ್ಚಿನ ಪಾಲು ಒಬ್ಬರಿಗೇ ಹೋಗಲಿದೆಯೆಂದು ಮೊದಲೇ ಹೇಳಿಬಿಡುತ್ತೇನೆ; ಉಳಿದವರು ಬೇಸರಿಸಿಕೊಳ್ಳಲಾರರು, ಏಕೆಂದರೆ ಆ ಒಬ್ಬರು ಅವರೆಲ್ಲರಿಗೂ ಗೊತ್ತು.

ಬೋರ್ಡಿನ ನಕ್ಷೆಯಾದ ಗರ್ಬರ್ ಫೈಲುಗಳನ್ನು ಪದರ ಪದರವಾಗಿ ತೆರೆದು ಪರಿಶೀಲಿಸಿಕೊಟ್ಟ ಹುಬ್ಬಳ್ಳಿಯ ಗೆಳೆಯ, ಎಲ್ಲರ ಪಾವತಿಯನ್ನೂ ಶೇಕಡಾ 18ರ ಜಿಎಸ್‌ಟಿಯನ್ನೂ ಪೈಸೆ ತಪ್ಪದಂತೆ ಒಂದೇ ಹಾಳೆಯಲ್ಲಿ ಕೂರಿಸಿದ ಲೆಕ್ಕಪರಿಶೋಧಕಿ ಗೆಳತಿ, "ಇದು ಒರಿಜಿನಲ್ ಅಲ್ಲ ಸಾರ್, ನಿಮಗೆ ಬೇಡ" ಎಂದು ಅಗ್ಗದ ಎನ್‌ಇ5532 ಆಂಪ್ಲಿಫೈಯರ್ ಐಸಿಗಳ ಕೊಳವೆಯನ್ನು ತಾನೇ ಗಲ್ಲೆಯ ಮೇಲಿನಿಂದ ಹಿಂದಕ್ಕೆಳೆದುಕೊಂಡ ಬೆಂಗಳೂರಿನ ಎಸ್.ಪಿ. ರೋಡಿನ ವ್ಯಾಪಾರಿ, ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ಪಾರ್ಸೆಲ್ಲುಗಳನ್ನು ಒಟ್ಟಿಗೆ ಬಿಡಿಸಿಕೊಂಡು ಊರೊಳಗೆ ಹಂಚಿದವರು, ಊಟದ ಮೇಜನ್ನು ವಾರಗಟ್ಟಲೆ ಬಬಲ್ ರ‍್ಯಾಪಿಗೆ ಬಿಟ್ಟುಕೊಟ್ಟ ನಮ್ಮ ಮನೆಯವರು, ಇವರೆಲ್ಲರಿಗೂ ನನ್ನ ನಮಸ್ಕಾರಗಳು.

ಒಟ್ಟು ಖರೀದಿಯ ಲಾಭ ಎಲ್ಲರಿಗೂ ತಿಳಿದದ್ದೇ. ಫಿಲ್ಮು, ಡ್ರಿಲ್ಲಿಂಗ್, ಪರೀಕ್ಷೆ ಇವುಗಳ ಪೂರ್ವತಯಾರಿಗೆ ತಗಲುವ ಖರ್ಚು ಐದು ಬೋರ್ಡಿಗೂ ನೂರು ಬೋರ್ಡಿಗೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಜನ ಕೂಡಿದಷ್ಟೂ ತಲಾ ಬೆಲೆ ಇಳಿಯುತ್ತದೆ. ಆದರೆ ಜನ ಕೂಡಿದಷ್ಟೂ ಒಬ್ಬನ ಖಾತೆಯಲ್ಲಿ ಕೂರುವ ಪರರ ಹಣವೂ ಏರುತ್ತದೆಂಬುದು ನನಗೆ ಅನುಭವಕ್ಕೆ ಬಂದದ್ದು ಆಮೇಲೆ. ನಮ್ಮಲ್ಲಿ ಅನೇಕರು ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ, ನಮ್ಮ ನಡುವೆ ಕಾಗದದ ಮೇಲೆ ಯಾವ ಕರಾರೂ ಇರಲಿಲ್ಲ. ಪಿಂಚಣಿ ಬಂದ ದಿನ ಹಾಕುತ್ತೇನೆಂದು ತಿಳಿಸಿ, ಹಾಗೆಯೇ ಆ ದಿನ ಬೆಳಿಗ್ಗೆ ಹಾಕಿದ ಹಿರಿಯರೂ ಇದ್ದರು. ಬೋರ್ಡು ಬರುವ ತನಕ ಆ ಹಣವನ್ನು ನನ್ನದೆನ್ನುವಂತಿರಲಿಲ್ಲ, ಅದಕ್ಕೆ ಏನಾದರೂ ಆದರೆ ಹೊಣೆ ಮಾತ್ರ ನನ್ನದೇ ಆಗಿತ್ತು.

ಏನಾಯಿತೆಂಬುದು ನಿಮಗೆ ಗೊತ್ತು. ಮೊದಲ ಕಂತಿನ ಅರ್ಧದಷ್ಟು ಬೋರ್ಡುಗಳು ಅಂಚೆಯಲ್ಲಿ ಹೋದ ಮೇಲೆ, ಜೋಡಿಸಿ ನೋಡಿದವರಿಂದ ಒಂದೊಂದಾಗಿ ದೂರು ಬರತೊಡಗಿತು: ಸ್ವಲ್ಪ ಹೊತ್ತು ಚೆನ್ನಾಗಿ ನುಡಿದು ಆಮೇಲೆ ಒಂದು ಚಾನೆಲ್ ಚರಚರ ಎನ್ನುತ್ತದೆ, ಬೋರ್ಡನ್ನು ಬೆರಳಿನಿಂದ ಒತ್ತಿದರೆ ಸುಮ್ಮನಾಗುತ್ತದೆ. ಮಾಡಿಕೊಟ್ಟ ಕಾರ್ಖಾನೆಯವರು ಎಲ್ಲ ಬೋರ್ಡುಗಳೂ ತಮ್ಮ ಪರೀಕ್ಷೆಯಲ್ಲಿ ಪಾಸಾಗಿವೆ, ತೊಂದರೆ ನಿಮ್ಮ ಬೆಸುಗೆಯದು ಎಂದು ಎರಡೇ ಸಾಲಿನಲ್ಲಿ ಉತ್ತರಿಸಿದರು. ಅದೇ ಸಂಜೆ ಹಣ ಕೊಟ್ಟವರೊಬ್ಬರು, ಇದರಲ್ಲಿ ನಿಮಗೆ ಸಿಕ್ಕ ಕಮಿಷನ್ ಎಷ್ಟು ಎಂದು ಕೇಳಿದರು. ಅದಕ್ಕೆ ಉತ್ತರ ಬರೆಯಲು ಕೂತೆ, ಒಂದಕ್ಷರವೂ ಮೂಡಲಿಲ್ಲ. ಸಿಟ್ಟು ಬಂದಿತ್ತೆಂದರೆ ಪೂರ್ತಿ ನಿಜವಾಗದು; ಇಷ್ಟು ವರ್ಷ ಗಳಿಸಿದ್ದ ಹೆಸರು ಹೀಗೆ ಹೋಗುವುದಾದರೆ ಹೋಗಲಿ, ಎಲ್ಲರ ಹಣವನ್ನೂ ಕೈಯಿಂದಲೇ ಕೊಟ್ಟು ಇನ್ನು ಬೆಸುಗೆಯ ಕಡ್ಡಿಯನ್ನೇ ಮುಟ್ಟಬಾರದು ಅನ್ನಿಸಿಬಿಟ್ಟಿತ್ತು. ಇದನ್ನು ತಿಳಿಸಲೆಂದೇ ಮೇಷ್ಟ್ರಿಗೆ ಫೋನ್ ಮಾಡಿದೆ.

ಹೆಸರು ಬರೆಯಕೂಡದೆಂಬುದು ಅವರದೇ ಷರತ್ತಾದ್ದರಿಂದ ಇಲ್ಲಿಯೂ ಅವರು ಮೇಷ್ಟ್ರೇ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತರಾದವರು. ನಮ್ಮಲ್ಲಿ ಎಷ್ಟೋ ಮಂದಿ ನೆಟ್ಟಗೆ ಬೆಸುಗೆ ಹಾಕಲು ಕಲಿತದ್ದು ಅವರ ಬಾಯಿಂದ ಬೈಸಿಕೊಂಡೇ. ಫೋನಿನಲ್ಲಿ ಹೂಂ ಎಂದಷ್ಟೇ ಅಂದವರು, ರಾತ್ರಿ ಹತ್ತರ ಮೇಲೆ ಬಟ್ಟೆಯ ಕೈಚೀಲದಲ್ಲಿ ತಮ್ಮ ಹಳೆಯ ಬೆಂಚ್ ಪವರ್ ಸಪ್ಲೈಯನ್ನು ಹಾಕಿಕೊಂಡು ಆಟೋದಲ್ಲಿ ಬಂದಿಳಿದರು. ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಊಟವಾಯಿತೇ ಎಂದು ಕೇಳಿದರು, ಆಗಿಲ್ಲವೆಂದಾಗ ಮೊದಲು ಉಂಡು ಬಾ ಎಂದರು, ನಾನು ಮತ್ತೆ ಹಣದ ಮಾತೆತ್ತಿದಾಗ ಹೇಳಿದ್ದಿಷ್ಟೇ: "ದುಡ್ಡು ವಾಪಸ್ ಕೊಡೋದು ಬೆಳಗಾದ್ಮೇಲೂ ಆಗುತ್ತಪ್ಪಾ. ಈಗ ಬೋರ್ಡ್ ತಗೊಂಬಾ."

ಉಳಿದಿದ್ದ ಬೋರ್ಡುಗಳ ಡಬ್ಬವನ್ನು ಮೇಜಿನ ಮೇಲಿಟ್ಟು ನಾನು ಮಲ್ಟಿಮೀಟರನ್ನು, ಸಂಪರ್ಕವಿದ್ದರೆ ಕೂಗುವ ಬೀಪಿಗೆ ತಿರುಗಿಸಿದೆ. "ಬೀಪ್ ನಂಬ್ಬೇಡ, ಇಪ್ಪತ್ತು ಮೂವತ್ತು ಓಮ್ ಇದ್ರೂ ಅದು ಕೂಗುತ್ತೆ" ಎಂದು ಅವರು ಕೈ ತಡೆದರು. ಪವರ್ ಸಪ್ಲೈಯನ್ನು ಒಂದು ಆಂಪಿಯರಿಗೆ ಕಟ್ಟಿ, ಆ ಕರೆಂಟನ್ನು ಬೋರ್ಡಿನ ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಹೋಗುವ ಸಣ್ಣ ವಯಾ ತೂತಿನ ಮೂಲಕ ಹರಿಸಿ, ತೂತಿನ ಎರಡು ಬದಿಗೂ ಮೀಟರಿನ ಮುಳ್ಳುಗಳನ್ನಿಟ್ಟರು. ಕರೆಂಟು ಒಂದೇ ಆಂಪಿಯರ್ ಆದ್ದರಿಂದ ಮೀಟರು ತೋರಿಸುವ ಮಿಲಿವೋಲ್ಟೇ ಮಿಲಿಓಮ್. ತಣ್ಣಗಿದ್ದಾಗ ಹೆಚ್ಚಿನವು ಒಂದರ ಆಸುಪಾಸಿನಲ್ಲೇ ನಿಂತವು. ಆಮೇಲೆ ಅದೇ ಜಾಗಕ್ಕೆ ಹಾಟ್ ಏರ್ ಗನ್ನಿನ ಬಿಸಿಗಾಳಿ ಹಿಡಿದಾಗ ಕೆಲವು ತೂತುಗಳಲ್ಲಿ ಅಂಕಿ ಒಮ್ಮೆಲೇ ಹತ್ತನ್ನು ದಾಟಿ ನೂರಕ್ಕೆ ಹಾರಿ, ತಣಿದಂತೆ ಮತ್ತೆ ಸಾಧುವಾಗಿ ಕೆಳಗಿಳಿಯಿತು. ಬಿಸಿಗೆ ಸ್ವಲ್ಪ ಏರುವುದು ತಾಮ್ರದ ಗುಣ, ಹೀಗೆ ಹಾರುವುದು ಬಿರುಕಿನ ಗುಣ ಎಂದು ಅವರು ಹೇಳಿದಾಗ ನನಗೆ ಸಂಜೆಯಿಂದ ಕಟ್ಟಿದ್ದ ಉಸಿರು ಸ್ವಲ್ಪ ಸಡಿಲವಾಯಿತು.

ಬೆಳಗಿನವರೆಗೂ ಅದೇ ಕೆಲಸ. ನಾನು ಬಿಸಿಗಾಳಿ ಹಿಡಿಯುವುದು, ಅವರು ಕನ್ನಡಕವನ್ನು ಹಣೆಗೇರಿಸಿ ಭೂತಗನ್ನಡಿಯಲ್ಲಿ ಮುಳ್ಳಿಡುವುದು, ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬೋರ್ಡಿನ ಸಂಖ್ಯೆ, ತೂತಿನ ಸಂಖ್ಯೆ, ತಣ್ಣಗೆ, ಬಿಸಿ ಎಂದು ನಾಲ್ಕು ಅಂಕಣ ತುಂಬುವುದು. ಬಿಡಿಭಾಗಗಳ ಕಾಲು ಕೂರುವ ದೊಡ್ಡ ತೂತುಗಳೆಲ್ಲ ಗಟ್ಟಿಯಾಗಿದ್ದವು, ಕೆಟ್ಟಿದ್ದವು 0.3 ಮಿಲಿಮೀಟರಿನವು ಮಾತ್ರ. 1.6 ಮಿಲಿಮೀಟರ್ ದಪ್ಪದ ಬೋರ್ಡಿನಲ್ಲಿ ಅಷ್ಟು ಕಿರಿದಾದ ತೂತಿನ ನಡುಭಾಗಕ್ಕೆ ತಾಮ್ರದ ಲೇಪ ಸರಿಯಾಗಿ ಇಳಿಯುವುದು ಕಷ್ಟ. ಒಳಗೋಡೆಗೆ 20ರಿಂದ 25 ಮೈಕ್ರಾನ್ ಕೂರಬೇಕಾದ ಕಡೆ ತೆಳುವಾಗಿ ಕೂತರೆ, ಬೆಸುಗೆಯ ಬಿಸಿಗೆ ಫೈಬರ್‌ಗ್ಲಾಸ್ ದಪ್ಪದ ದಿಕ್ಕಿನಲ್ಲಿ ತಾಮ್ರಕ್ಕಿಂತ ಹೆಚ್ಚಾಗಿ ಹಿಗ್ಗಿ ಆ ಲೇಪವನ್ನು ಸೀಳಿಬಿಡುತ್ತದೆ. ತಣ್ಣಗಿದ್ದಾಗ ಸೀಳು ಮತ್ತೆ ಕೂಡಿಕೊಳ್ಳುವುದರಿಂದ ಕಾರ್ಖಾನೆಯ ಪರೀಕ್ಷೆಗೆ ಅದು ಕಂಡಿರಲಿಲ್ಲ. ಸ್ಪೀಕರಿಗೆ ವೋಲ್ಟುಗಟ್ಟಲೆ ಕೊಡುವ ಬೋರ್ಡಿನಲ್ಲಾದರೆ ಯಾರೂ ಇದನ್ನು ಗಮನಿಸುತ್ತಿರಲಿಲ್ಲವೇನೋ. ಎಲ್‌ಪಿಯ ಸೂಜಿ ಕೊಡುವುದು ಕೆಲವೇ ಮಿಲಿವೋಲ್ಟು, ಅದನ್ನು ನಮ್ಮ ಪ್ರೀಆಂಪು 1 ಕಿಲೋಹರ್ಟ್ಸಿನಲ್ಲಿ ನೂರು ಪಟ್ಟು, ಎಲ್‌ಪಿ ಕೊರೆಯುವಾಗ ತಗ್ಗಿಸಿದ ಮಂದ್ರ ಸ್ವರಗಳನ್ನು ಮತ್ತೆ ಏರಿಸುವ ಆರ್‌ಐಎಎ ರೇಖೆಯ ಕಾರಣದಿಂದ 20 ಹರ್ಟ್ಸಿನಲ್ಲಿ ಸಾವಿರದ ಹತ್ತಿರ ಹಿಗ್ಗಿಸುತ್ತದೆ. ಕೂದಲೆಳೆಯ ಬಿರುಕೂ ಅಲ್ಲಿ ಬಾಯಿಬಿಡದೆ ಇರದು.

ನಡುರಾತ್ರಿ ದಾಟಿದ ಮೇಲೆ ಯಾವಾಗಲೋ, ಕಮಿಷನ್ನಿನ ಪ್ರಶ್ನೆಯನ್ನು ಅವರಿಗೆ ಓದಿ ಹೇಳಿದೆ. ನನ್ನ ಪರವಾಗಿ ಸಿಟ್ಟಾಗುತ್ತಾರೆಂದು ಕಾದಿದ್ದೆನೆಂಬುದು ನಿಜ. ಅವರು ಮೀಟರಿನಿಂದ ಕಣ್ಣೆತ್ತದೆ, "ದುಡ್ಡು ಕೊಟ್ಟೋರು ಕೇಳ್ತಾರಪ್ಪಾ, ಕೇಳ್ಬೇಕು. ಈ ಪುಸ್ತಕ ಮುಗಿದ್ಮೇಲೆ ಫೋಟೋ ತೆಗೆದು ಅವ್ರಿಗೂ ಕಳ್ಸು, ಕಾರ್ಖಾನೆಗೂ ಕಳ್ಸು" ಎಂದರು. ಆ ಪ್ರಶ್ನೆಯನ್ನು ಪೂರ್ತಿ ಮರೆತಿದ್ದೇನೆಂದರೆ ಸುಳ್ಳಾದೀತು, ಆದರೂ ಪ್ರತಿ ಖರ್ಚಿನ ಬಿಲ್ಲನ್ನೂ ಪಟ್ಟಿಗೆ ಲಗತ್ತಿಸುವ ರೂಢಿ ಬಂದದ್ದು ಅದರ ನಂತರವೇ, ಅದು ಒಳ್ಳೆಯ ರೂಢಿ.

ಹಾಲಿನವನು ಬರುವ ಹೊತ್ತಿಗೆ ಅವರು ಒಂದು ಕೆಟ್ಟ ಬೋರ್ಡನ್ನು ವಯಾ ಸಾಲಿನ ಪಕ್ಕಕ್ಕೆ ಗರಗಸದಿಂದ ಕೊಯ್ದು, ಕೊಯ್ದ ಅಂಚನ್ನು ನೀರು ಹಾಕಿದ ಎಮರಿ ಕಾಗದದ ಮೇಲೆ ತೂತಿನ ಅರ್ಧಭಾಗ ತೆರೆದುಕೊಳ್ಳುವವರೆಗೆ ಉಜ್ಜುತ್ತಿದ್ದರು. ಭೂತಗನ್ನಡಿಗೆ ಫೋನ್ ಒತ್ತಿ ತೆಗೆದ ಚಿತ್ರದಲ್ಲಿ ತಾಮ್ರದ ಗೆರೆ ನಡುವೆ ತುಂಡಾಗಿರುವುದು ಯಾರಿಗಾದರೂ ಕಾಣುವಂತಿತ್ತು. ಆ ಚಿತ್ರ ಮತ್ತು ನೋಟ್‌ಬುಕ್ಕಿನ ಪುಟಗಳು ಹೋದ ಮೇಲೆ ಕಾರ್ಖಾನೆಯವರು ಅಷ್ಟೂ ಬೋರ್ಡುಗಳನ್ನು ಹೊಸದಾಗಿ ಮಾಡಿಕೊಡಲು ಒಪ್ಪಿದರು. ವಿಷಾದದ ಒಂದು ಮಾತೂ ಅದರೊಂದಿಗೆ ಬರಲಿಲ್ಲ, ಬೋರ್ಡುಗಳು ಬಂದವು. ಅಂಥ ಒಂದು ಬೋರ್ಡಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಎಲ್‌ಪಿಯನ್ನು ಹಾಕಿ ಧಾರವಾಡದ ಗೆಳೆಯರು ಫೋನಿನಲ್ಲಿ ಕೇಳಿಸಿದ್ದಾರೆ. ಫೋನಿನಲ್ಲಿ ಪ್ರೀಆಂಪಿನ ಗುಣ ತಿಳಿಯುವುದಿಲ್ಲ, ಆದರೆ ಚರಚರ ಇಲ್ಲದ್ದು ತಿಳಿಯಿತು.

ಮೇಷ್ಟ್ರು ಗೌರವಧನವನ್ನು ಮುಟ್ಟಲಿಲ್ಲ, ಆಟೋ ಖರ್ಚನ್ನೂ ಪಡೆಯಲಿಲ್ಲ. ಹೆಚ್ಚಾಗಿ ಉಳಿದ ಬೋರ್ಡುಗಳನ್ನು ತಾವು ಕಲಿಸಿದ ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಗೆ ಕೊಡಬಹುದೇ ಎಂದು ಮಾತ್ರ ಕೇಳಿದರು. ನಿಮ್ಮೆಲ್ಲರ ಒಪ್ಪಿಗೆ ಇದೆಯೆಂದು ನಾನೇ ಹೇಳಿಬಿಟ್ಟಿದ್ದೇನೆ. ಕೊಯ್ದ ಬೋರ್ಡಿನ ತುಂಡೂ ಅವುಗಳ ಜೊತೆಗೇ ಹೋಗಿದೆ.

ಮೊದಲ ಕಂತಿನ ಬೋರ್ಡುಗಳನ್ನು ಎಸೆಯಬೇಕಿಲ್ಲ. ಫ್ಲೆಕ್ಸಿಬಲ್ ವೈರಿನ 0.2 ಮಿಲಿಮೀಟರಿನ ಒಂದೆಳೆಯನ್ನು ಸಣ್ಣ ತೂತಿನಲ್ಲಿ ತೂರಿಸಿ, ಎರಡು ಬದಿಯ ಹಸಿರು ಲೇಪವನ್ನು ಕೆರೆದು ಬೆಸುಗೆ ಹಾಕಿದರೆ ಅವೂ ಗಟ್ಟಿಯಾಗಿ ನಡೆಯುತ್ತವೆ, ನನ್ನ ಪ್ರೀಆಂಪು ಈಗ ಓಡುತ್ತಿರುವುದು ಅಂಥದ್ದರಲ್ಲೇ. ಇನ್ನು, ಹೊಸ ಬೋರ್ಡುಗಳ ಎರಡು ಕವರುಗಳು ವಿಳಾಸ ಸಾಲದೆ ನನಗೇ ಹಿಂದಿರುಗಿವೆ, ಒಂದು ಶಿವಮೊಗ್ಗದ್ದು, ಇನ್ನೊಂದು ಕಲಬುರಗಿಯದು; ಅವುಗಳ ಒಡೆಯರು ದಯವಿಟ್ಟು ಮನೆ ನಂಬರು ಮತ್ತು ಪಿನ್‌ಕೋಡ್ ಸಹಿತ ವಿಳಾಸವನ್ನು ಇನ್ನೊಮ್ಮೆ ಬರೆದು ಕಳುಹಿಸಬೇಕು.